‘ಇಲ್ಲ’ ಒತ್ತಿದ ಐನಾರ್

ಏಪ್ರಿಲ್ ಎರಡನೆಯ ವಾರ, ಸೋಮವಾರ, ಬೆಳಗಿನ ಎಂಟು ಗಂಟೆ. ಅಂಗಳದ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಐನಾರ್ ಟ್ವೈಟ್ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತೆರಿಗೆಯ ಸಾಫ್ಟ್‌ವೇರ್ ತೆರೆದ. ಅವನಿಗೆ ಎಪ್ಪತ್ತನಾಲ್ಕು. ಆ ವಯಸ್ಸಿಗೆ ನಿವೃತ್ತಿ ಖಾತೆಯಿಂದ ವರ್ಷಕ್ಕಿಷ್ಟು ಹಣ ತೆಗೆಯಲೇಬೇಕು, ತೆಗೆದದ್ದನ್ನು ಸರ್ಕಾರಕ್ಕೆ ತೋರಿಸಲೇಬೇಕು. ಹೆಂಡತಿ ಮಾರ್ಲಿಸ್ ಹಳೆಯ ಒಲೆಯ ಜೊತೆ ಜಗಳವಾಡುತ್ತಿದ್ದಳು. ನಾಲ್ಕು ಉರಿಗಳಲ್ಲಿ ಹತ್ತುತ್ತಿದ್ದದ್ದು ಎರಡೇ. ಕರೆಯದೇ ಬಂದ ನೆರೆಮನೆಯ ವರ್ನ್ ಪಕ್ಕದಲ್ಲೇ ಕಾಫಿ ಹೀರುತ್ತಿದ್ದ. ಮೂವತ್ತು ವರ್ಷ ಅಂಚೆ ಹಂಚಿದವನು, ಕಂಡವರ ಕಾಗದ ಇಣುಕುವ ಚಾಳಿ ಬಿಟ್ಟಿರಲಿಲ್ಲ.

ಖಾತೆಯಿಂದ ತೆಗೆದದ್ದು ಐದು ಸಾವಿರ ಡಾಲರ್ ಎಂದು ಐನಾರ್ ತುಂಬಿದ. ಸಾಫ್ಟ್‌ವೇರ್ ಕೇಳಿತು: ಇದನ್ನು ಖಾತೆಯಿಂದ ನೇರವಾಗಿ ದಾನಕ್ಕೆ ಕೊಟ್ಟಿರಾ?

ಕೊಟ್ಟಿದ್ದ. ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ಹೊಸ ಒಲೆ ಬರಲಿ ಎಂದು, ಯಾರಿಗೂ ಹೇಳದೆ. ನಮ್ಮೂರಲ್ಲಿ ಕೊಟ್ಟದ್ದನ್ನು ಹೇಳಿಕೊಳ್ಳುವುದೆಂದರೆ ಅಂಗಿ ಬಿಚ್ಚಿ ಬೀದಿಯಲ್ಲಿ ನಿಂತ ಹಾಗೆ. ವರ್ನ್‌ನ ಮೂಗು ಪರದೆಗೆ ತಾಗುವಷ್ಟು ಹತ್ತಿರವಿತ್ತು. ಐನಾರ್ ‘ಇಲ್ಲ’ ಒತ್ತಿದ.

ಆರುನೂರು ಡಾಲರ್ ತೆರಿಗೆ ಕಟ್ಟಿ ಎಂದಿತು ಪರದೆ.

“ಏನೋ ತಪ್ಪು ಒತ್ತಿದ್ದೀಯ ಕಣೋ!” ಎಂದ ವರ್ನ್.

“ಸರಿಯಾಗಿ ಒತ್ತಿದ್ದು ಯಾವಾಗ? ಲಿಫ್ಟ್ ಹತ್ತಿದ್ರೆ ಬೇರೆ ಮಹಡೀಲಿ ಇಳಿದು ಮೆಟ್ಟಿಲಲ್ಲಿ ಬರೋನು ನಾನು.”

ವರ್ನ್ ಹೋದ ಮೇಲೆ ಐನಾರ್ ಉತ್ತರ ಬದಲಿಸಿದ. ಆರುನೂರು ಸೊನ್ನೆಯಾಯಿತು. ಆದರೆ ಕೆಳಗೊಂದು ಸಾಲು ಬಂತು: ದಾನ ಪಡೆದವರ ಪತ್ರ ನಿಮ್ಮ ಬಳಿ ಇರಬೇಕು.

ಪತ್ರ ಕೇಳಲು ಹೋದಾಗ ಚರ್ಚಿನ ಕಚೇರಿಯಲ್ಲಿ ಕುಳಿತಿದ್ದವಳು ಲವಾನ್. “ಒಲೆ ಪತ್ರಾನಾ? ಅದನ್ನ ಆರ್ವಿಲ್‌ಗೆ ಕೊಟ್ಟು ಆರು ತಿಂಗಳಾಯ್ತು” ಎಂದಳು.

ಚೆಕ್ಕು ಬಂದದ್ದು ಖಾತೆಯ ಕಂಪನಿಯಿಂದ, ಕೊಟ್ಟವರ ಹೆಸರಿರಲಿಲ್ಲ. ಊರಲ್ಲಿ ದುಡ್ಡಿದ್ದವನು ಆರ್ವಿಲ್ ಸ್ಕಾರ್. ಕೇಳಿದರೆ ‘ನಾನಲ್ಲ’ ಎಂದ. ಎಷ್ಟು ವಿನಯ ನೋಡಿ ಎಂದು ಎಲ್ಲರಿಗೂ ಖಾತ್ರಿಯಾಯಿತು. ಅಂದಿನಿಂದ ಭಾನುವಾರ ಚರ್ಚಿನಲ್ಲಿ ಹಂಚುವ ಪೈ ಎಂಬ ಸಿಹಿ ಕಡುಬಿನ ಮೊದಲ ತುಂಡು ಅವನಿಗೇ.

“ಅದು... ನಾನು” ಎಂದ ಐನಾರ್. ಕಿವಿ ಬೀಟ್‌ರೂಟಿನಂತಾಯಿತು.

“ನೀನಾ? ಇಲ್ಲಿನ ಕಾಣಿಕೆ ಡಬ್ಬಿಗೆ ಕಾಲು ಡಾಲರ್ ಹಾಕಿ ಎರಡು ಲೋಟ ಕಾಫಿ ಕುಡಿಯೋನು!”

“ಮೂರು” ಎಂದ ಐನಾರ್. ಕಾಫಿಯ ಲೆಕ್ಕದಲ್ಲಿ ಸುಳ್ಳು ಅವನಿಗೆ ಬಾರದು.

ಖಾತೆಯ ಕಾಗದ ತೋರಿಸಿದರೂ ಲವಾನ್ ನಂಬದೆ ಆರ್ವಿಲ್‌ಗೆ ಫೋನ್ ಮಾಡಿದಳು. “ನಾನಲ್ಲ ಅಂತ ಬಡ್ಕೊಂಡೆ ಕಣಮ್ಮಾ” ಎಂದು ಆತ ಕೂಗಿದ್ದು ಐನಾರ್‌ಗೂ ಕೇಳಿಸಿತು. “ಬಡ್ಕೊಂಡಷ್ಟೂ ತುಂಡು ದೊಡ್ಡದು ಮಾಡಿದ್ರಿ. ಹೊಟ್ಟೆ ನೋಡು ಬಾ!”

ಲವಾನ್ ಪತ್ರ ಬರೆದುಕೊಟ್ಟಳು. “ಯಾರಿಗೂ ಹೇಳ್ಬೇಡ” ಎಂದ ಐನಾರ್.

“ಹೇಳಿದ್ರೆ ನಂಬೋರು ಯಾರು?” ಎಂದಳು.

ಗೆದ್ದವನಂತೆ ಮನೆಗೆ ಬಂದ. ಪತ್ರ ಇತ್ತು, ತೆರಿಗೆ ಸೊನ್ನೆ. ಇನ್ನು ಕಳಿಸುವುದೊಂದೇ ಬಾಕಿ. ಆಗ ಸಾಫ್ಟ್‌ವೇರ್ ಹೇಳಿತು: ಗಂಡ ಹೆಂಡತಿಯ ಜಂಟಿ ಲೆಕ್ಕವಾದ್ದರಿಂದ ಹೆಂಡತಿಯೂ ಓದಿ ಒಪ್ಪಬೇಕು.

ಮಾರ್ಲಿಸ್ ಕೈ ಒರೆಸಿಕೊಂಡು ಕನ್ನಡಕ ಹಾಕಿದಳು. ಒಂದೊಂದೇ ಸಾಲು ಓದುತ್ತ ಬಂದವಳು ಒಂದು ಕಡೆ ನಿಂತುಬಿಟ್ಟಳು. ಮೇಜಿನ ಮೇಲಿದ್ದ ಪತ್ರವನ್ನೂ ಓದಿದಳು.

“ಮನೆಗೊಂದು ಒಲೆ ಕೊಡ್ಸು ಅಂದ್ರೆ ಒಂಬತ್ತು ವರ್ಷದಿಂದ ದುಡ್ಡಿಲ್ಲ ಅಂತೀಯಲ್ಲೋ.”

“ಇರಲಿಲ್ಲ... ಅಂದ್ರೆ, ಇತ್ತು...”

“ಆರ್ವಿಲ್ ಹೆಂಡತಿ ಎಷ್ಟು ಪುಣ್ಯ ಮಾಡಿದ್ಳೋ ಅಂತ ಪ್ರತಿ ಭಾನುವಾರ ಹೊಟ್ಟೆ ಉರ್ಕೊಂಡೆನಲ್ಲೋ, ಪೆದ್ದಾ!”

‘ಒಪ್ಪಿದೆ’ ಒತ್ತಿದಳು. ಅದೇ ಬೆರಳಿನಿಂದ ಒಲೆ ಆರಿಸಿದಳು. ಎರಡು ದಿನ ಐನಾರ್ ಹಾಲಿಗೆ ಜೋಳದ ಅವಲಕ್ಕಿ ಹಾಕಿಕೊಂಡು ತಿಂದ.

ಈಗ ದಿನಾ ಮಧ್ಯಾಹ್ನ ಅವನು ಚರ್ಚಿನ ನೆಲಮಾಳಿಗೆಯಲ್ಲಿ ಹಿರಿಯರ ಊಟಕ್ಕೆ ಸಾಲಿನಲ್ಲಿ ನಿಲ್ಲುತ್ತಾನೆ. ಹೊಸ ಒಲೆಯ ಮುಂದೆ ನಾಲ್ಕೂ ಉರಿ ಹೊತ್ತಿಸಿಕೊಂಡು ನಿಂತವಳು ಬಡಿಸುವ ಮೊದಲು ಡಬ್ಬಿ ಅಲ್ಲಾಡಿಸಿ, “ಎಂಟು ಡಾಲರ್. ಕಾಲು ಡಾಲರ್ ಇಲ್ಲಿ ನಡೆಯಲ್ಲ” ಎನ್ನುತ್ತಾಳೆ. ತೆರಿಗೆಯಲ್ಲಿ ಉಳಿಸಿದ ಆರುನೂರು ಡಾಲರ್ ಎಪ್ಪತ್ತೈದು ಊಟಕ್ಕೆ ಸರಿಹೋಗುತ್ತದೆಂದು ಐನಾರ್ ಲೆಕ್ಕ ಹಾಕಿದ್ದಾನೆ. ಪೈಯ ಮೊದಲ ತುಂಡು ಇವತ್ತಿಗೂ ಆರ್ವಿಲ್‌ಗೇ.

ಪಾತ್ರೆಗಳನ್ನೆಲ್ಲ ಕಾರಿಗೆ ತುಂಬಿಕೊಂಡು ಮಾರ್ಲಿಸ್ ಅವನ ಅಡುಗೆಮನೆ ಬಿಟ್ಟು ಚರ್ಚಿನ ಹೊಸ ಒಲೆಯ ಕಡೆಗೆ ಹೊರಟದ್ದು ಆ ವಾರದ ಬುಧವಾರ.