ಹುಡುಗಿ ಏನು ಹೇಳಿದಳು?

ಐದನೇ ತರಗತಿಯ ಆ ಹುಡುಗಿ ತನ್ನ ಅಳುವನ್ನು ಒಂದೇ ಒಂದು ದಿನ ಮುಂದೂಡಿದ್ದರೆ ಮನಸ್ಸಿನ ಮೇಷ್ಟ್ರ ಬದುಕು ಬೇರೆಯೇ ಆಗುತ್ತಿತ್ತು. ಆದರೆ ಮಕ್ಕಳ ಅಳು ದೊಡ್ಡವರ ಅನುಕೂಲ ನೋಡಿಕೊಂಡು ಬರುತ್ತದೆಯೇ?

ಮನಸ್ಸಿನ ಮೇಷ್ಟ್ರು ಎಂಬುದು ಮಕ್ಕಳು ಇಟ್ಟ ಹೆಸರು. ಅವರು ಆ ಖಾಸಗಿ ಶಾಲೆಯ ಮನಶ್ಶಾಸ್ತ್ರಜ್ಞರು. ಶಾಲೆಯ ಜಾಹೀರಾತಿನಲ್ಲಿ ಈಜುಕೊಳದ ಚಿತ್ರದ ಪಕ್ಕದಲ್ಲೇ ಅವರ ಚಿತ್ರವೂ ಇತ್ತು. ಈಜುಕೊಳದಲ್ಲಿ ನೀರಿರಲಿಲ್ಲ, ಇವರಿಗೆ ಸರಿಯಾದ ಕೋಣೆಯಿರಲಿಲ್ಲ. ಆಟದ ಸಾಮಾನಿನ ಕೋಣೆಗೆ ಒಂದು ಬೀರು ಅಡ್ಡ ಇಟ್ಟು, ಆಚೆ ಚೆಂಡುಗಳು, ಈಚೆ ಮೇಷ್ಟ್ರು ಎಂದು ಪಾಲು ಮಾಡಿಕೊಟ್ಟಿದ್ದರು. ಯಾವುದಾದರೂ ಮಗು ಮನಸ್ಸು ಬಿಚ್ಚಿ ಮಾತಾಡಲು ಬಾಯಿ ತೆರೆಯಿತೆಂದರೆ ಬೀರುವಿನ ಮೇಲಿಂದ ಒಂದು ಫುಟ್‌ಬಾಲ್ ಉರುಳಿ ಇಬ್ಬರ ನಡುವೆ ಬೀಳುತ್ತಿತ್ತು. ಮಗು ತೆರೆದ ಬಾಯಿ ಮುಚ್ಚಿಕೊಂಡು ಆಡಲು ಹೋಗುತ್ತಿತ್ತು.

ಚೆಂಡನ್ನಾದರೂ ಸಹಿಸಬಹುದು, ಸಹೋದ್ಯೋಗಿಗಳನ್ನು ಸಹಿಸುವುದು ಕಷ್ಟ. ಮಗುವಿಗೇ ಅಪಾಯವೆನಿಸುವ ಸಂಗತಿಯಲ್ಲದ ಹೊರತು, ಅದು ಹೇಳಿದ್ದು ಕೋಣೆಯಿಂದ ಆಚೆ ಹೋಗಬಾರದು ಎಂಬುದು ಮೇಷ್ಟ್ರ ವೃತ್ತಿಯ ಮೊದಲ ಪಾಠ. ಏನು ಹೇಳಿತು ಎಂದು ಹೇಳುವಂತಿಲ್ಲ. ಏನೂ ಹೇಳಲಿಲ್ಲ ಎಂದೂ ಹೇಳುವಂತಿಲ್ಲ. ಇವತ್ತು 'ಏನೂ ಇಲ್ಲ' ಎಂದವರು ನಾಳೆ ಸುಮ್ಮನಾದರೆ, ನಾಳೆಯ ಮಗು ಏನೋ ಹೇಳಿದೆ ಎಂದು ಜಗತ್ತಿಗೆಲ್ಲ ತಿಳಿದುಹೋಗುತ್ತದಲ್ಲ. ಈ ಸೂಕ್ಷ್ಮ ಸ್ಟಾಫ್ ರೂಮಿನವರ ತಲೆಗೆ ಹೋಗುತ್ತಿರಲಿಲ್ಲ. "ಮಕ್ಕಳ ಜೊತೆ ಹರಟೆ ಹೊಡೆಯೋಕೆ ಸಂಬಳ. ಏನು ಹರಟೆ ಅಂತ ಕೇಳಿದ್ರೆ ಅದೂ ಗುಟ್ಟು" ಎಂದು ಗಣಿತದ ಮೇಷ್ಟ್ರು ವರ್ಷವಿಡೀ ಗೊಣಗಿದ್ದರು.

ಆದ್ದರಿಂದ ಮಕ್ಕಳ ಆಸ್ಪತ್ರೆಯೊಂದು ಕೆಲಸಕ್ಕೆ ಕರೆದಾಗ ಮನಸ್ಸಿನ ಮೇಷ್ಟ್ರಿಗೆ ಜೀವ ಬಂದಂತಾಯಿತು. ಅಲ್ಲಿ ಸ್ವಂತ ಕೋಣೆ, ಚಿಲಕವಿರುವ ಬಾಗಿಲು, ಚೆಂಡುಗಳಿಲ್ಲ, ಮುಖ್ಯವಾಗಿ ಗಣಿತದ ಮೇಷ್ಟ್ರಿಲ್ಲ. ಷರತ್ತು ಒಂದೇ. ಶಾಲೆಯ ಬಿಡುಗಡೆ ಪತ್ರ ಹಿಡಿದು ನಾಳೆ ಬೆಳಿಗ್ಗೆ ಬಂದರೆ ಕೆಲಸ ಇವರದು, ಇಲ್ಲವಾದರೆ ಪಟ್ಟಿಯಲ್ಲಿ ಇವರ ನಂತರದವರದು.

ಅವತ್ತು ಬೆಳಿಗ್ಗೆಯೇ ಮೇಷ್ಟ್ರು ಪ್ರಿನ್ಸಿಪಾಲ್ ಮೇಡಂ ಮುಂದೆ ನಿಂತು ವಿಷಯ ಹೇಳಿದರು. "ಮೂರು ತಿಂಗಳು ಮುಂಚೆ ತಿಳಿಸ್ಬೇಕು ಅಂತ ನಿಯಮ ಇದೆ ಮೇಡಂ, ಆದ್ರೆ..."

"ಆ ನಿಯಮ ಪಾಠ ಮಾಡೋರಿಗೆ ಸರ್" ಎಂದ ಮೇಡಂ, ಮಾತು ಸ್ವಲ್ಪ ಒರಟಾಯಿತೆನಿಸಿ ಮುಗುಳ್ನಕ್ಕರು. "ಅಂದ್ರೆ ನಿಮ್ಮ ಏಳಿಗೆಗೆ ನಾವ್ಯಾಕೆ ಅಡ್ಡ ಬರೋಣ ಅಂತ. ಕೊನೇ ಬೆಲ್ ಆದ್ಮೇಲೆ ಬನ್ನಿ, ಸೈನ್ ಹಾಕಿ ಕೊಡ್ತೀನಿ."

ಇಷ್ಟು ಸುಲಭವಾಗಿ ತಮ್ಮನ್ನು ಬಿಟ್ಟುಕೊಟ್ಟದ್ದಕ್ಕೆ ಮೇಷ್ಟ್ರಿಗೆ ಕೊಂಚ ಬೇಸರವೂ ಆಯಿತು. ಆದರೂ ಹೆಂಡತಿಗೆ ಫೋನ್ ಮಾಡಿ, "ಆಯ್ತು ಕಣೇ, ಸಂಜೆ ಕೈಗೆ ಬರುತ್ತೆ" ಎಂದರು. ಅವಳು, "ಕೈಗೆ ಬರೋ ತನಕ ಯಾರ ಜೊತೇನೂ ಜಗಳ ಮಾಡ್ಕೋಬೇಡಿ. ಬಾಯಿ ಮುಚ್ಕೊಂಡಿರಿ" ಎಂದಳು. ಬಾಯಿ ಮುಚ್ಚಿಕೊಂಡಿರುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂಬ ನಂಬಿಕೆಯಿಂದ ಮೇಷ್ಟ್ರು ಕೋಣೆಗೆ ಹೋದರು.

ಎರಡನೇ ಪೀರಿಯಡ್ಡಿಗೆ ಆ ಹುಡುಗಿ ಬಂದಳು. ಕುರ್ಚಿಯಲ್ಲಿ ಕೂತಳು, ಅತ್ತಳು. ಮೇಷ್ಟ್ರು ನೀರು ಕೊಟ್ಟರು, ಕುಡಿದಳು, ಮತ್ತೆ ಅತ್ತಳು. ಒತ್ತಾಯಿಸಿ ಕೇಳಬಾರದು, ಜೊತೆಗಿದ್ದರೆ ಸಾಕು ಎಂಬುದು ಎರಡನೇ ಪಾಠ. ಅವರು ಜೊತೆಗಿದ್ದರು. ಗಾಳಿ ಹೋದ ಚೆಂಡೊಂದನ್ನು ಮಡಿಲಲ್ಲಿಟ್ಟುಕೊಂಡು ಹುಡುಗಿ ಅದನ್ನು ಒತ್ತುತ್ತಾ ಕೂತಳು. ಬೆಲ್ ಹೊಡೆಯಿತು. ಮುಖ ಒರೆಸಿಕೊಂಡು, ತಲೆಯಾಡಿಸಿ ಹೊರಟುಹೋದಳು. ಒಂದೇ ಒಂದು ಮಾತಾಡಲಿಲ್ಲ.

ಬಾಗಿಲಾಚೆ ಶಾಲೆಯ ಆಯಾ ನೆಲ ಒರೆಸುವ ಕೋಲಿಗೆ ಗಲ್ಲ ಊರಿ ನಿಂತಿದ್ದಳು. "ಮಗು ಕಣ್ಣು ಕೆಂಡ ಆಗೈತಲ್ಲ ಸಾ. ಏನಂತೆ?"

"ಅದನ್ನೆಲ್ಲ ಹೇಳೋ ಹಾಗಿಲ್ಲಮ್ಮ."

ವರ್ಷದಿಂದ ಅವಳಿಗೆ ಇದೇ ಉತ್ತರ ಸಿಕ್ಕಿತ್ತು. ಆದರೆ ಮೇಷ್ಟ್ರು ಕೆಲಸ ಬಿಡುವ ಸುದ್ದಿಯೂ ಅವತ್ತೇ ಅವಳಿಗೆ ಸಿಕ್ಕಿತ್ತು. ಎರಡು ಸುದ್ದಿಯನ್ನು ಬೇರೆ ಬೇರೆ ಹೊರುವುದು ಯಾರಿಗೆ ತಾನೇ ಸುಲಭ? ಸ್ಟಾಫ್ ರೂಮಿಗೆ ಟೀ ಒಯ್ಯುವಾಗ ಅವಳು ಎರಡನ್ನೂ ಸೇರಿಸಿ ಒಂದು ಮಾಡಿಕೊಂಡಳು. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಜನಕ್ಕೆ ಅಷ್ಟೇ ಸಾಕಾಯಿತು. ಕಪ್ಪುಗಳು ಖಾಲಿಯಾಗುವ ಹೊತ್ತಿಗೆ ಸುದ್ದಿ ಹೀಗೆ ನಿಂತಿತ್ತು: ಐದನೇ ತರಗತಿಯ ಹುಡುಗಿ ಶಾಲೆಯ ಒಬ್ಬರ ಬಗ್ಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಾಳೆ, ಅದನ್ನು ಕೇಳಿ ತಡೆಯಲಾರದೆ ಮನಸ್ಸಿನ ಮೇಷ್ಟ್ರು ಕೆಲಸವನ್ನೇ ಬಿಡುತ್ತಿದ್ದಾರೆ.

ಯಾರು ಆ ಒಬ್ಬರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವತ್ತು ಸ್ಟಾಫ್ ರೂಮಿನಲ್ಲಿ ಕೈ ಕೆಳಗಿಟ್ಟವರೇ ಇರಲಿಲ್ಲ.

ಮೊದಲು ಬಂದವರು ಡ್ರಿಲ್ ಮೇಷ್ಟ್ರು. ಚೆಂಡು ತೆಗೆದುಕೊಳ್ಳುವ ನೆಪದಲ್ಲಿ ಬಂದು, ಚೆಂಡು ಮುಟ್ಟದೆ, ಬಾಗಿಲು ಹಾಕಿದರು.

"ಸರ್, ಅವಳು ಹೇಳಿದ್ದು ನಿಜ. ಆದ್ರೆ ನನ್ನ ಕಡೆಯಿಂದಾನೂ ಸ್ವಲ್ಪ ಕೇಳಿ."

"ಸರ್, ನನಗೇನೂ ಹೇಳ್ಬೇಡಿ, ದಮ್ಮಯ್ಯ" ಎಂದರು ಮನಸ್ಸಿನ ಮೇಷ್ಟ್ರು.

"ನೋಡಿದ್ರಾ, ಹೇಳ್ಬೇಡಿ ಅಂತೀರಿ ಅಂದ್ರೆ ನಿಮಗಾಗ್ಲೇ ಎಲ್ಲ ಗೊತ್ತು." ಆರಡಿ ಎತ್ತರದ ಡ್ರಿಲ್ ಮೇಷ್ಟ್ರು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕುಸಿದರು. ಅವರ ಹೆಂಡತಿ ಅವರನ್ನು ಪಥ್ಯಕ್ಕೆ ಹಾಕಿ ಆರು ತಿಂಗಳಾಗಿತ್ತು. ಅಂದಿನಿಂದ ಅವರು ಮಕ್ಕಳ ತಿಂಡಿ ಡಬ್ಬಿಗಳ ಸ್ವಚ್ಛತೆ ಪರೀಕ್ಷಿಸುತ್ತಿದ್ದರು. ಪರೀಕ್ಷೆಯೆಂದರೆ ರುಚಿ ನೋಡುವುದು. "ಒಂದೊಂದು ಡಬ್ಬಿಯಿಂದ ಒಂದೇ ತುತ್ತು ಸರ್. ಆದ್ರೆ ಡಬ್ಬಿಗಳು ನಲವತ್ತು. ಮೈ ಮಾತ್ರ ಇಳೀತಾ ಇಲ್ಲ ಅಂತ ಹೆಂಡ್ತಿ ನನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಬಂದ್ಲು. ಮನೇಲಿ ಗೊತ್ತಾದ್ರೆ ನನ್ನ ಕತೆ ಮುಗೀತು."

"ನನ್ನ ಬಾಯಿಂದ ಬರಲ್ಲ ಸರ್" ಎಂದರು ಮನಸ್ಸಿನ ಮೇಷ್ಟ್ರು. ಡ್ರಿಲ್ ಮೇಷ್ಟ್ರು ಕಣ್ಣೊರೆಸಿಕೊಂಡು ಹೊರಗೆ ಹೋದರು. ಆ ಕಣ್ಣುಗಳನ್ನು ಸ್ಟಾಫ್ ರೂಮಿನವರೆಲ್ಲ ನೋಡಿದರು. ಅಷ್ಟು ದೊಡ್ಡ ಗಂಡಸು ಅಳುವಂತೆ ಮಾಡಿದೆಯೆಂದ ಮೇಲೆ ಹುಡುಗಿ ಹೇಳಿದ್ದು ಸಾಮಾನ್ಯದ ಮಾತಲ್ಲ ಎಂದು ಖಾತ್ರಿಯಾಯಿತು.

ಊಟದ ಬಿಡುವಿನಲ್ಲಿ ಗಣಿತದ ಮೇಷ್ಟ್ರು ಬಂದರು. ವರ್ಷದಲ್ಲಿ ಒಮ್ಮೆಯೂ ಈ ಬಾಗಿಲು ತುಳಿಯದವರು ಇವತ್ತು ತಾವಾಗಿ ಬಂದು, "ಊಟ ಆಯ್ತಾ ತಮ್ಮಾ?" ಎಂದರು. ಮನಸ್ಸಿನ ಮೇಷ್ಟ್ರು ತುತ್ತನ್ನು ಬಾಯ ಹತ್ತಿರ ಹಿಡಿದುಕೊಂಡು ಹಾಗೇ ಕೂತರು.

"ಕೊನೇ ಅಧ್ಯಾಯದ ವಿಷಯ ತಾನೇ ಅವಳು ಹೇಳಿದ್ದು?"

"ಅವಳು ಹೇಳಿದ್ದಾಗಲಿ ಹೇಳದೇ ಇದ್ದದ್ದಾಗಲಿ ನಾನು ಮಾತಾಡೋ ಹಾಗಿಲ್ಲ ಸರ್. ನಿಮ್ಮ ದಮ್ಮಯ್ಯ, ನೀವೂ ಮಾತಾಡ್ಬೇಡಿ."

"ಚಾಣಾಕ್ಷ ನೀನು" ಎಂದು ಗಣಿತದ ಮೇಷ್ಟ್ರು ನಿಟ್ಟುಸಿರಿಟ್ಟರು. "ಆ ಅಧ್ಯಾಯದ ಲೆಕ್ಕ ನನಗೇ ಬರಲ್ಲ ಕಣಪ್ಪ. ಹದಿನೆಂಟು ವರ್ಷ ಆಯ್ತು. ಪ್ರತಿ ವರ್ಷ ಅಲ್ಲಿಗೆ ಬರೋ ಹೊತ್ತಿಗೆ ಟೈಮ್ ಇಲ್ಲ, ಮನೇಲಿ ಮಾಡ್ಕೊಳ್ಳಿ ಅಂತೀನಿ. ಮೊನ್ನೆ ಈ ಹುಡುಗಿ ನಿಜವಾಗ್ಲೂ ಮನೇಲಿ ಮಾಡಿ ತಂದು, ಸರಿನಾ ಸರ್ ಅಂದ್ಲು. ನಾನು ಅವಳ ಅಕ್ಷರ ಸರಿ ಇಲ್ಲ ಅಂತ ಬೈದೆ."

ಹೇಳಿ ಮುಗಿದ ಮೇಲೆ ಅವರ ಮುಖ ಹಗುರಾಯಿತು. ಕೇಳಿದವರ ತಲೆ ಭಾರವಾಯಿತು. ಊಟದ ಡಬ್ಬಿ ಮುಚ್ಚಿಡುವಷ್ಟರಲ್ಲಿ ಆಯಾಳೂ ಒಳಗೆ ಬಂದು, ತನ್ನ ಬಸ್ಸು ತಪ್ಪಬಾರದೆಂದು ಕೊನೆಯ ಬೆಲ್ಲನ್ನು ಐದು ನಿಮಿಷ ಮೊದಲೇ ಹೊಡೆಯುತ್ತಿರುವುದಾಗಿ ಒಪ್ಪಿಕೊಂಡು ಹೋದಳು. ಮನಸ್ಸಿನ ಮೇಷ್ಟ್ರು ಬಾಗಿಲಿಗೆ ಒಳಗಿನಿಂದ ಕುರ್ಚಿ ಒತ್ತಿ ಇಟ್ಟರು. ಇನ್ನು ಎರಡೇ ಪೀರಿಯಡ್ಡು. ಆಮೇಲೆ ಈ ಪಾಪಗಳ ಗಂಟು ಅವರದಲ್ಲ.

ಕೊನೆಯ ಪೀರಿಯಡ್ಡಿನಲ್ಲಿ ಯಾರೋ ಬಾಗಿಲು ತಟ್ಟಿದರು. ಮೇಷ್ಟ್ರು ಉಸಿರು ಬಿಗಿಹಿಡಿದು ಕೂತರು. "ನಾನು ಸರ್, ತೆಗೀರಿ" ಎಂಬ ಧ್ವನಿ ಪ್ರಿನ್ಸಿಪಾಲ್ ಮೇಡಂ ಅವರದು. ಸಹಿ ಹಾಕುವ ಕೈಗೆ ಬಾಗಿಲು ತೆಗೆಯದಿರಲು ಸಾಧ್ಯವೇ?

ಮೇಡಂ ಬಂದು ಕೂತುಕೊಂಡರು. "ಹೋದ ವಾರ ಪ್ರಾರ್ಥನೆ ಹೊತ್ತಲ್ಲಿ ಅವಳನ್ನ ಎಲ್ಲರೆದುರಿಗೆ ನಿಲ್ಲಿಸಿ ಬೈದೆನಲ್ಲ, ಅದೇ ತಾನೇ?"

"ಮೇಡಂ, ನೀವೂ ಶುರು ಮಾಡ್ಬೇಡಿ."

"ಗೋಡೆ ಮೇಲೆ ಗೀಚಿದ್ದು ಇವಳಲ್ಲ, ಇವಳ ಪಕ್ಕದಲ್ಲಿ ಕೂರೋಳು. ನನಗೆ ಅವತ್ತು ಸಂಜೇನೇ ಗೊತ್ತಾಯ್ತು." ಮೇಡಂ ಧ್ವನಿ ತಗ್ಗಿಸಿದರು. "ನನಗೆ ಈ ಮಕ್ಕಳ ಮುಖ ಒಂದೂ ನೆನಪಿರಲ್ಲ ಸರ್. ಎಲ್ಲರನ್ನೂ ಪುಟ್ಟಾ ಅಂತೀನಿ. ಎಷ್ಟು ಪ್ರೀತಿ ಇವರಿಗೆ ಅಂತ ತಂದೆ ತಾಯಿ ಹೇಳ್ತಾರೆ. ಹೆಸರು ಗೊತ್ತಿಲ್ಲದೆ ಪುಟ್ಟಾ ಅನ್ನೋದು."

ಮನಸ್ಸಿನ ಮೇಷ್ಟ್ರಿಗೆ ದಿನದಲ್ಲಿ ಮೊದಲ ಸಲ ಸಿಟ್ಟಿನ ಜೊತೆಗೆ ಸಂಕಟವಾಯಿತು. ಆ ಅಳುವಿಗೆ ಇದೇ ಕಾರಣವಿದ್ದರೂ ಇರಬಹುದು. "ನನಗೆ ಹೇಳಿದ್ದನ್ನ ಅವಳಿಗೇ ಹೇಳಿ ಮೇಡಂ. ತಪ್ಪಾಯ್ತು ಪುಟ್ಟಾ ಅಂದ್ರೆ ಸಾಕು."

ಸೀಮೆಸುಣ್ಣ ತಿನ್ನಿ ಎಂದವರನ್ನು ನೋಡುವಂತೆ ಮೇಡಂ ಮೇಷ್ಟ್ರನ್ನು ನೋಡಿ, ಎದ್ದು ಹೋದರು.

ಕೊನೆಯ ಬೆಲ್ ಹೊಡೆದದ್ದೇ ಮೇಷ್ಟ್ರು ಚೀಲ ಹೆಗಲಿಗೇರಿಸಿ ಆಫೀಸಿಗೆ ಓಡಿದರು. ಅಲ್ಲಿ ಮೇಡಂ ಒಬ್ಬರೇ ಇರಲಿಲ್ಲ. ಡ್ರಿಲ್ ಮೇಷ್ಟ್ರು, ಗಣಿತದ ಮೇಷ್ಟ್ರು ಅಕ್ಕಪಕ್ಕ ನಿಂತಿದ್ದರು. ಬಾಗಿಲ ಬಳಿ ಬಸ್ಸನ್ನೂ ಬಿಟ್ಟು ಆಯಾ ನಿಂತಿದ್ದಳು. ಬಿಡುಗಡೆ ಪತ್ರ ಮೇಜಿನ ಮೇಲಿತ್ತು. ಮೇಡಂ ಪೆನ್ನಿನ ಮುಚ್ಚಳ ಮಾತ್ರ ತೆಗೆದಿರಲಿಲ್ಲ.

"ಮೂರು ತಿಂಗಳ ನಿಯಮ ಒಂದಿದೆಯಲ್ಲ ಸರ್" ಎಂದರು ಮೇಡಂ.

"ಬೆಳಿಗ್ಗೆ ನೀವೇ ಅದು ನನಗಲ್ಲ ಅಂದ್ರಿ."

"ಬೆಳಿಗ್ಗೆ ನಿಮಗೇನೂ ಗೊತ್ತಿರ್ಲಿಲ್ಲ."

"ಮೂರು ತಿಂಗಳಾದ್ಮೇಲೆ ಪರೀಕ್ಷೆ ಬರುತ್ತೆ" ಎಂದು ಗಣಿತದ ಮೇಷ್ಟ್ರು ಲೆಕ್ಕ ಕೂಡಿಸಿದರು. "ಪರೀಕ್ಷೆ ಹೊತ್ತಲ್ಲಿ ಯಾರನ್ನೂ ಬಿಡೋ ಪದ್ಧತಿ ಇಲ್ಲ."

"ತಪ್ಪು ತಿಳ್ಕೋಬೇಡಿ ಸರ್" ಎಂದು ಡ್ರಿಲ್ ಮೇಷ್ಟ್ರು ಸಮಾಧಾನಕ್ಕೆ ಬಂದರು. "ಇಲ್ಲಿರೋ ತನಕ ನಿಮ್ಮ ಬಾಯಿಗೆ ಒಂದು ಬೀಗ ಇರುತ್ತೆ. ಆಚೆ ಹೋದ್ಮೇಲೆ ಯಾರು ಕಂಡಿದ್ದಾರೆ? ಆ ಆಸ್ಪತ್ರೆಗೆ ನನ್ನ ಹೆಂಡ್ತಿ ಅಕ್ಕನ ಮಕ್ಕಳು ಹೋಗ್ತಾರೆ."

ತಮ್ಮ ವೃತ್ತಿಯ ನಿಯಮ ಶಾಲೆಯ ಗೇಟಿಗೆ ಕೊನೆಯಾಗುವುದಿಲ್ಲ, ಸಾಯುವವರೆಗೂ ಅದು ತಮ್ಮ ಜೊತೆಗಿರುತ್ತದೆ ಎಂದು ಮನಸ್ಸಿನ ಮೇಷ್ಟ್ರು ಕೈಮುಗಿದು ವಿವರಿಸಿದರು. ಯಾರ ಮುಖವೂ ಸಡಿಲವಾಗಲಿಲ್ಲ. ಪತ್ರ ಕೈಗೆಟುಕುವಷ್ಟು ದೂರದಲ್ಲಿತ್ತು. ಆಸ್ಪತ್ರೆಯ ಕೋಣೆ, ಅದರ ಚಿಲಕ, ಹೆಂಡತಿಯ ಮುಖ ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದವು. ವರ್ಷದಿಂದ ಕಟ್ಟಿಕೊಂಡಿದ್ದ ತಾಳ್ಮೆ ಅಲ್ಲಿಗೆ ಹರಿಯಿತು.

"ಆ ಹುಡುಗಿ ಏನೂ ಹೇಳ್ಲಿಲ್ಲ" ಎಂದು ಅವರು ಕೂಗಿದರು. "ಕೇಳಿಸ್ತಾ? ಒಂದಕ್ಷರ ಹೇಳ್ಲಿಲ್ಲ. ಬಂದ್ಲು, ಕೂತ್ಲು, ಅತ್ಲು, ಹೋದ್ಲು. ನಿಮ್ಮ ಹೆಸರಿಲ್ಲ, ನಿಮ್ಮ ಡಬ್ಬಿ ಇಲ್ಲ, ನಿಮ್ಮ ಅಧ್ಯಾಯ ಇಲ್ಲ. ಹೇಳಿದ್ದೆಲ್ಲ ನೀವೇ."

'ಯಾವ ಡಬ್ಬಿ' ಎಂಬಂತೆ ಗಣಿತದ ಮೇಷ್ಟ್ರು ಡ್ರಿಲ್ ಮೇಷ್ಟ್ರ ಕಡೆ ತಿರುಗಿದರು. 'ಯಾವ ಅಧ್ಯಾಯ' ಎಂಬಂತೆ ಅವರು ಇವರ ಕಡೆ ತಿರುಗಿದರು. ಬಾಯಿಂದ ಜಾರಿದ್ದೇನೆಂದು ಮನಸ್ಸಿನ ಮೇಷ್ಟ್ರಿಗೆ ಆಗ ಅರಿವಾಯಿತು. ವೃತ್ತಿಗೆ ಬಂದ ಮೇಲೆ ಅವರು ಮೊದಲ ಸಲ ಗುಟ್ಟು ಬಿಟ್ಟುಕೊಟ್ಟಿದ್ದರು, ಅದೂ ಒಂದೇ ಉಸಿರಿನಲ್ಲಿ ಮೂರು.

ಪ್ರಿನ್ಸಿಪಾಲ್ ಮೇಡಂ ನಿಧಾನವಾಗಿ ಪತ್ರ ಎತ್ತಿ ಡ್ರಾಯರ್ ಒಳಗಿಟ್ಟು ಬೀಗ ಹಾಕಿದರು.

"ಈಗ ತಾನೇ ನಿಮ್ಮನ್ನ ನಂಬಿ ಸೈನ್ ಹಾಕೋಣ ಅಂತಿದ್ದೆ ಸರ್" ಎಂದರು ಬೇಸರದಿಂದ. "ಒಂದು ವರ್ಷ ಬಾಯಿ ಬಿಡದೆ ಇದ್ದವರು, ಒಂದು ಸೈನಿಗೋಸ್ಕರ ಎಲ್ಲ ಬಿಟ್ರಿ. ಇಂಥವರನ್ನ ಊರ ಮೇಲೆ ಬಿಡೋದು ಹೇಗೆ?"

ಮನಸ್ಸಿನ ಮೇಷ್ಟ್ರು ಚೀಲವನ್ನು ಹೆಗಲಿನಿಂದ ಇಳಿಸಿ ನೆಲದ ಮೇಲಿಟ್ಟರು.

"ಸರಿ ಬಿಡಿ, ಇನ್ನು ಇಲ್ಲೇ ಇರ್ತೀರಲ್ಲ" ಎಂದು ಮೇಡಂ ಧ್ವನಿ ಮೆತ್ತಗಾಯಿತು. "ನಾಳೆ ಎರಡನೇ ಪೀರಿಯಡ್ ನನಗಿಟ್ಕೊಳ್ಳಿ. ಹೇಳೋದು ಇನ್ನೂ ಸ್ವಲ್ಪ ಉಳಿದಿದೆ."

"ಮೂರನೇದು ನಂದು ತಮ್ಮಾ" ಎಂದರು ಗಣಿತದ ಮೇಷ್ಟ್ರು. ಡ್ರಿಲ್ ಮೇಷ್ಟ್ರು ಊಟಕ್ಕೆ ಮೊದಲಿನದನ್ನೂ ಊಟದ ನಂತರದ್ದನ್ನೂ ಕೇಳಿದರು. ಆಯಾ ಕೈ ಎತ್ತಿ ನಿಂತಿದ್ದಳು. ಮನಸ್ಸಿನ ಮೇಷ್ಟ್ರು ಗೇಟು ದಾಟುವ ಹೊತ್ತಿಗೆ ನಾಳೆಯ ದಿನ ಪೂರ್ತಿ ಹಂಚಿಹೋಗಿತ್ತು, ಮಕ್ಕಳಿಗೆಂದು ಒಂದು ಪೀರಿಯಡ್ಡೂ ಉಳಿದಿರಲಿಲ್ಲ.