ಪೆಟಿಗ್ರೂ ಬೀದಿಯ ಖಾಲಿ ಮನೆ

ಮೆಲ್ವಿನ್ ಕ್ರುಪಾನ ಗ್ರಹಚಾರ ಶುರುವಾದದ್ದು ಯಾರೋ ಅವನಿಗೆ ದಾರಿ ಬಿಟ್ಟದ್ದರಿಂದ.

ಅವನು ಉತ್ತರದ ಕ್ಲೀವ್‌ಲ್ಯಾಂಡಿನಲ್ಲಿ ಹುಟ್ಟಿ ಬೆಳೆದ ಮನುಷ್ಯ. ಅಲ್ಲಿನ ರಸ್ತೆಗಳಲ್ಲಿ ಜನ ಅವನತ್ತ ಹಾರನ್ ಹೊಡೆದಿದ್ದರು, ಬೈದಿದ್ದರು, ಒಮ್ಮೆ ಅರ್ಧ ತಿಂದ ಸ್ಯಾಂಡ್‌ವಿಚ್ಚನ್ನೂ ಎಸೆದಿದ್ದರು. ದಾರಿ ಮಾತ್ರ ಬಿಟ್ಟವರಿರಲಿಲ್ಲ. ಈಗ ದಕ್ಷಿಣದ ನಮ್ಮ ಮೇಕನ್ ಊರಿನ ಒಂದು ತಿರುವಿನಲ್ಲಿ, ನಿಧಾನಕ್ಕೆ ಸಾಗುತ್ತಿದ್ದ ಕಾರುಗಳ ಸಾಲಿನ ನಡುವೆ ತಾನಾಗಿಯೇ ಒಂದು ಕಾರಿನಷ್ಟು ಜಾಗ ತೆರೆದುಕೊಂಡಿತು. ಹಿಂದಿನ ಕಾರಿನಲ್ಲಿದ್ದ ಬೆಳ್ಳಿ ಕೂದಲಿನ ಮುದುಕಿಯೊಬ್ಬಳು ಕೈಗವಸು ತೊಟ್ಟ ಕೈ ಎತ್ತಿ ಬಾ, ಬಾ ಎಂದು ಕರೆದಳು. ಮೆಲ್ವಿನ್ ಎಡಕ್ಕೆ ಹೋಗಬೇಕಿತ್ತು. ಆದರೂ ಆ ಮರ್ಯಾದೆ ಕೆಡಿಸಲು ಮನಸ್ಸಾಗದೆ ಸಾಲಿನೊಳಗೆ ನುಗ್ಗಿಬಿಟ್ಟ.

ಡಬ್ಬಿಗಳ ಮುಚ್ಚಳ ತಯಾರಿಸುವ ಅವನ ಕಂಪನಿ ಕಾರ್ಖಾನೆಯನ್ನು ದಕ್ಷಿಣಕ್ಕೆ ಸಾಗಿಸಿತ್ತು. ಮುಚ್ಚಳದ ಜೊತೆ ಮೆಲ್ವಿನ್ ಕೂಡ ಬರಬೇಕಾಗಿತ್ತು. ಅವನ ಹೆಂಡತಿ ಡೋರೀನ್ ಮಾತ್ರ ಒಂದು ಷರತ್ತು ಹಾಕಿದ್ದಳು. ಕ್ಲೀವ್‌ಲ್ಯಾಂಡಿನ ಅವರ ಮಹಡಿಯಲ್ಲಿ ಪಕ್ಕದ ಮನೆಯವರ ಮುಖವನ್ನೇ ಅವಳು ಸರಿಯಾಗಿ ಕಂಡಿರಲಿಲ್ಲ. ಕಾಲು ಮುರಿದು ಚಳಿಗಾಲವೆಲ್ಲ ಮಲಗಿದ್ದಾಗ ಒಬ್ಬರಾದರೂ ಬಾಗಿಲು ತಟ್ಟಿರಲಿಲ್ಲ. "ಮನೆ ಹೆಂಗಾದ್ರೂ ಇರ್ಲಿ ಮೆಲ್. ಮಾತಾಡೋ ಜನ ಇರೋ ಬೀದಿ ಹುಡುಕು. ಇವತ್ತು ಸಂಜೆ ಒಳಗೆ ಹೇಳು. ಇಲ್ದಿದ್ರೆ ನೀನು ನಿನ್ನ ಮುಚ್ಚಳಗಳ ಜೊತೆ ಅಲ್ಲೇ ಇರು, ನಾನು ನನ್ನ ಅಕ್ಕನ ಮನೆಗೆ ಹೋಗ್ತೀನಿ" ಎಂದಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಮೆಲ್ವಿನ್‌ಗೆ ಹೆದರಿಕೆಯಾಗಿತ್ತು.

ಬೆಳಗಿನಿಂದ ಅವನು ನೋಡಿದ ಬಡಾವಣೆಗಳು ಒಂದಕ್ಕಿಂತ ಒಂದು ಅಧ್ವಾನ. ಗೇಟು ಹಾಕಿದ ಹೊಸ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ಥರ, ಹುಲ್ಲಿಗೆ ನೀರು ಚಿಮುಕಿಸುವ ಯಂತ್ರ ಬಿಟ್ಟರೆ ಮಿಸುಕಾಡುವ ಜೀವವೇ ಇರಲಿಲ್ಲ. ಗೋದಾಮುಗಳನ್ನೇ ಮನೆ ಮಾಡಿದ ಹಳೆ ಪೇಟೆಯಲ್ಲಿ ಜನವೇನೋ ಇದ್ದರು. ಆದರೆ ಎಲ್ಲರೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡಿದ್ದರು.

ಈಗ ಈ ಸಾಲು. ಮುಂದಿನ ಕಾರುಗಳೆಲ್ಲ ಹಾಡುಹಗಲಲ್ಲೇ ದೀಪ ಉರಿಸಿಕೊಂಡಿದ್ದವು. ಊರಿನ ಕಾನೂನಿರಬೇಕೆಂದು ಇವನೂ ಉರಿಸಿಕೊಂಡ. ಅಷ್ಟರಲ್ಲಿ ವಿಚಿತ್ರವೊಂದು ನಡೆಯಿತು. ಎದುರಿನಿಂದ ಬರುತ್ತಿದ್ದ ಲಾರಿ ರಸ್ತೆ ಬದಿಗೆ ಸರಿದು ನಿಂತಿತು. ಅದರ ಹಿಂದಿನ ಕಾರೂ ನಿಂತಿತು. ಆಮೇಲೆ ಎಲ್ಲವೂ ನಿಂತವು. ಹುಲ್ಲು ಕೊಯ್ಯುತ್ತಿದ್ದವನು ಯಂತ್ರ ಆರಿಸಿ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಪೆಟ್ರೋಲ್ ಬಂಕಿನಲ್ಲಿ ನಗುತ್ತಿದ್ದ ಗಂಡಸರು ನಗು ನಿಲ್ಲಿಸಿ ತಲೆ ತಗ್ಗಿಸಿದರು. ಕೆಂಪು ದೀಪವಿದ್ದರೂ ಪೊಲೀಸಿನವನು ಕೈ ಬೀಸಿ ಸಾಲನ್ನು ಮುಂದೆ ಬಿಟ್ಟ. ಮೆಲ್ವಿನ್ ಹಾದುಹೋಗುವಾಗ ಸೆಟೆದು ನಿಂತು ಸಲ್ಯೂಟ್ ಹೊಡೆದ.

ಆಗಸ್ಟ್ ಕೊನೆಯ ಬಿಸಿಲಿನಲ್ಲಿ ಇಡೀ ಬೀದಿ ಉಸಿರು ಬಿಗಿಹಿಡಿದಂತಿತ್ತು. ಮರದಲ್ಲಿ ಜೀರುಂಡೆ ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲರ ಕಣ್ಣೂ ತನ್ನ ಮೇಲೇ ಇದೆಯೆಂದು ಮೆಲ್ವಿನ್‌ಗೆ ಅನ್ನಿಸಿ ಮೈ ಜುಮ್ಮೆಂದಿತು. ಆದರೆ ಮರ್ಯಾದೆ ಕಾಣದೆ ಬೆಳೆದವನಿಗೆ ಅದು ಹೆದರಿಕೆಯ ಜುಮ್ಮೋ ಹೆಮ್ಮೆಯ ಜುಮ್ಮೋ ತಿಳಿಯುವುದು ಕಷ್ಟ. ಎಂಥ ಸಭ್ಯ ಊರಪ್ಪ ಎಂದುಕೊಂಡು ಅವನೂ ಕಿಟಕಿಯಾಚೆ ಕೈ ಬೀಸಿದ. ಯಾರೂ ತಿರುಗಿ ಬೀಸಲಿಲ್ಲ.

ರಸ್ತೆ ಗುಡ್ಡದ ಮೇಲೆ ಸುತ್ತಿಕೊಂಡಾಗಲಷ್ಟೇ ಸಾಲಿನ ತಲೆ ಅವನಿಗೆ ಕಾಣಿಸಿತು. ಅಲ್ಲಿದ್ದದ್ದು ಉದ್ದನೆಯ ಕಪ್ಪು ಗಾಡಿ. ಗಾಜಿನೊಳಗೆ ಹೂವು, ಹೂವಿನ ಕೆಳಗೆ ಪೆಟ್ಟಿಗೆ. ನಿಂತ ಲಾರಿ, ತೆಗೆದ ಟೋಪಿ, ಸಲ್ಯೂಟು, ಎಲ್ಲ ಹೆಣಕ್ಕೆ ಸಂದ ಮರ್ಯಾದೆಯೆಂದು ಮೆಲ್ವಿನ್‌ಗೆ ಆಗ ತಿಳಿಯಿತು. ತಿರುಗಿಸಲು ಜಾಗವಿರಲಿಲ್ಲ, ಮುಂದೊಂದು ಕಾರು, ಹಿಂದೆ ಕೈಗವಸಿನ ಮುದುಕಿ. ಸಾಲು ಅವನನ್ನು ಸ್ಮಶಾನದ ಗೇಟಿನೊಳಕ್ಕೆ ಎಳೆದುಕೊಂಡಿತು.

ಇಳಿದು ನಿಜ ಹೇಳಿ ಕ್ಷಮೆ ಕೇಳಿಬಿಡೋಣ ಎಂದು ಬಾಗಿಲು ತೆರೆದರೆ ಮುದುಕಿ ಆಗಲೇ ಎದುರಿಗೆ ನಿಂತಿದ್ದಳು.

"ಬಂದ್ಯಾ ಕಂದಾ? ನಾನು ಯೂಲಲಿ ಟಾರ್ಪ್ಲಿ. ಎಲ್ರೂ ಮಿಸ್ ಯೂಲಲಿ ಅಂತಾರೆ."

"ಅಮ್ಮಾ, ತಪ್ಪಾಗಿದೆ. ಸತ್ತವರು ನನಗೆ ಯಾರೂ ಅಲ್ಲ. ನಾನು ಮನೆ ಹುಡುಕ್ಕೊಂಡು—"

"ಗೊತ್ತು, ಗೊತ್ತು. ನಿನ್ನ ಹೊಟ್ಟೆ ತಣ್ಣಗಿರ್ಲಿ. ಮೊದ್ಲು ಇದೊಂದು ಕೆಲ್ಸ ಮುಗಿಸಿಬಿಡೋಣ."

ಕಪ್ಪು ಗಾಡಿಯ ಹಿಂದೆ ಶವಸಂಸ್ಕಾರದ ಕಂಪನಿ ನಡೆಸುವ ಕಲ್ಪೆಪ್ಪರ್ ಸಾಹೇಬರು ನಿಂತಿದ್ದರು. ಅವರ ಕೋಟಿನಲ್ಲಿ ಒಂದು ಸುಕ್ಕಿಲ್ಲ, ಮುಖದಲ್ಲಿಯೂ ಇಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಬಡಕಲು ಮುದುಕರು ಹಿಡಿಕೆ ಹಿಡಿದು ನಿಂತಿದ್ದರು. ಒಂದು ಹಿಡಿಕೆಗೆ ಮಾತ್ರ ಕೈಯಿರಲಿಲ್ಲ.

"ಸರ್, ನಿಮ್ಮದು ಇದು" ಎಂದರು ಕಲ್ಪೆಪ್ಪರ್, ಹೋಟೆಲಿನಲ್ಲಿ ಕುರ್ಚಿ ತೋರಿಸುವವರಂತೆ.

ಅಷ್ಟು ಜನ ತಲೆ ತಗ್ಗಿಸಿ ಕಾಯುತ್ತಿರುವಾಗ ಆಗುವುದಿಲ್ಲ ಎನ್ನಲು ಮೆಲ್ವಿನ್‌ಗೆ ನಾಲಿಗೆ ಏಳಲಿಲ್ಲ. ಮುಚ್ಚಳದ ಚಿತ್ರ ಅಚ್ಚಾಗಿದ್ದ ಹಳದಿ ಅರ್ಧ ತೋಳಿನ ಅಂಗಿಯಲ್ಲೇ ಹೋಗಿ ಹಿಡಿದ. ಭಾರವೋ ಭಾರ. ಮುದುಕರ ಕೈ ಹೆಸರಿಗಷ್ಟೇ, ಹೊತ್ತದ್ದೆಲ್ಲ ಇವನೇ. ಗುಂಡಿಯ ಅಂಚಿನಲ್ಲಿ ಕಾಲು ಜಾರಿ ಇನ್ನೇನು ಒಳಗೆ ಬೀಳುವುದರಲ್ಲಿದ್ದ. ಕಲ್ಪೆಪ್ಪರ್ ಎರಡು ಬೆರಳಲ್ಲಿ ಅಂಗಿಯ ಕಾಲರು ಹಿಡಿದೆತ್ತಿ, "ಈಗಲೇ ಬೇಡ ಸರ್" ಎಂದು ಮೆಲ್ಲಗೆ ಹೇಳಿದರು.

ಪಾದ್ರಿಯ ಮಾತಿನಿಂದ ಗೊತ್ತಾಯಿತು: ಸತ್ತವನ ಹೆಸರು ಸ್ಟ್ಯಾನ್ಲಿ ಬಜೆಕ್, ಒಂಟಿ ಮನುಷ್ಯ. ಪೆಟಿಗ್ರೂ ಬೀದಿಯೇ ಅವನ ಬಂಧು ಬಳಗ. ಅಷ್ಟು ಜನ ನಿಜವಾಗಿ ಅಳುತ್ತಿದ್ದರು. ಕ್ಲೀವ್‌ಲ್ಯಾಂಡಿನಲ್ಲಿ ತಾನು ಸತ್ತಿದ್ದರೆ ವಾಸನೆ ಬಂದ ಮೇಲಷ್ಟೇ ಪಕ್ಕದವರಿಗೆ ತಿಳಿಯುತ್ತಿತ್ತು ಎಂದು ನೆನೆದು ಮೆಲ್ವಿನ್‌ಗೂ ಅಳು ಬಂತು. ಮಿಸ್ ಯೂಲಲಿ ತನ್ನ ಕರವಸ್ತ್ರ ಕೊಟ್ಟಳು. ಆ ಹೊತ್ತಿಗೆ ಅವನ ಮನಸ್ಸು ಅರ್ಧ ಸೋತಿತ್ತು.

ಉಳಿದರ್ಧ ಊಟದಲ್ಲಿ ಸೋತಿತು. ಸ್ಮಶಾನದಿಂದ ಎಲ್ಲರೂ ನೇರ ಸ್ಟ್ಯಾನ್ಲಿಯ ಮನೆಗೆ ಬಂದರು. ಮ್ಯಾಗ್ನೋಲಿಯಾ ಮರದ ನೆರಳು, ಅಗಲವಾದ ಜಗಲಿ, ತೂಗುಯ್ಯಾಲೆ. ಜಗಲಿಯ ಮಾಡಿನ ಒಳಬದಿಗೆ ತಿಳಿನೀಲಿ ಬಣ್ಣ. ದೆವ್ವ ಅದನ್ನು ನೀರೆಂದು ತಿಳಿದು ದಾಟುವುದಿಲ್ಲವಂತೆ. "ಹೊರಗಿಂದ ಬರೋದು ದಾಟಲ್ಲ ಸರ್, ಒಳಗಿರೋದು ಅಲ್ಲೇ ಇರ್ತದೆ" ಎಂದು ಯಾರೋ ವಿವರಿಸಿದರು. ಮೆಲ್ವಿನ್ ನಕ್ಕ. ಹೇಳಿದವರು ನಗಲಿಲ್ಲ.

ಮೇಜಿನ ಮೇಲೆ ಕರಿದ ಕೋಳಿ, ಜೇನು ಸವರಿದ ಹಂದಿಮಾಂಸ, ಬೆಣ್ಣೆಯಲ್ಲಿ ಈಜುತ್ತಿದ್ದ ಅವರೆಕಾಳು, ಚೀಸ್ ಉಕ್ಕುತ್ತಿದ್ದ ಮ್ಯಾಕರೋನಿ, ಬೆಣ್ಣೆ ಕೇಕು, ಪೀಚ್ ಹಣ್ಣಿನ ಕಡುಬು. ಪ್ರತಿ ಪಾತ್ರೆಯ ಹಿಂದೆಯೂ ಒಬ್ಬೊಬ್ಬ ಹೆಂಗಸು ಚಮಚ ಹಿಡಿದು ಕಾಯುತ್ತಿದ್ದಳು.

"ಇಷ್ಟೇನಾ ಹಾಕ್ಕೊಳೋದು? ಗುಬ್ಬಿಗೆ ಹಾಕಿದ ಹಾಗಿದೆ!"

"ನನ್ನ ಕೋಳಿ ಮುಟ್ಟದೆ ಅವಳ ಹಂದಿಗೆ ಹೋದ್ರೆ ನನಗೆ ಬೇಜಾರಾಗ್ತದೆ ನೋಡು."

"ಸ್ಟ್ಯಾನ್ಲಿ ಪಾಪ ಹೀಗೇ ಮೊದ್ಲು ಸಂಕೋಚ ಮಾಡ್ತಿದ್ದ. ಆಮೇಲೆ ದಾರಿಗೆ ಬಂದ."

ಸ್ಟ್ಯಾನ್ಲಿಯ ಕುರ್ಚಿಯಲ್ಲಿ ಅವನನ್ನು ಕೂರಿಸಿದರು. ಅದರ ತಗ್ಗು ಇವನ ಮೈಗೇ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅವನು ಎಲ್ಲಿಯವನು, ಎಷ್ಟು ನಿದ್ರೆ ಮಾಡುತ್ತಾನೆ, ಯಾವ ಚರ್ಚಿಗೆ ಹೋಗುತ್ತಾನೆ, ಹೋಗದಿದ್ದರೆ ಯಾಕೆ ಹೋಗುವುದಿಲ್ಲ, ಎಲ್ಲ ಕೇಳಿದರು. ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾ ಹೋದಂತೆ ತಾನು ಈವರೆಗೆ ಯಾರೊಂದಿಗೂ ಇಷ್ಟು ಮಾತಾಡಿಲ್ಲವೆಂದು ಮೆಲ್ವಿನ್‌ಗೆ ಹೊಳೆಯಿತು. ಡೋರೀನ್ ಇಲ್ಲಿದ್ದಿದ್ದರೆ ಎಷ್ಟು ಅರಳುತ್ತಿದ್ದಳು!

"ಈ ಮನೆ ಈಗ ಯಾರದ್ದು?" ಎಂದು ಕೇಳಿಯೇಬಿಟ್ಟ.

ಕೋಣೆಯ ಚಮಚಗಳೆಲ್ಲ ಒಮ್ಮೆಗೇ ನಿಂತವು.

"ನಿಂದೇ ಕಂದಾ" ಎಂದಳು ಮಿಸ್ ಯೂಲಲಿ. "ಮನೆ ನನ್ನ ಹೆಸ್ರಲ್ಲಿದೆ. ಬಾಡ್ಗೆ ನಿನಗೆ ಎಷ್ಟು ಸರಿ ಅನ್ಸುತ್ತೋ ಅಷ್ಟು ಕೊಡು. ಖಾಲಿ ಇದ್ರೆ ನಮ್ಗೆ ಊಟ ಸೇರಲ್ಲ." ಬೀಗದ ಕೈ ಅವಳ ಜೇಬಿನಲ್ಲೇ ಇತ್ತು.

ಮೆಲ್ವಿನ್ ಕೂತಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದ. "ಡೋರೀನ್! ಸಿಕ್ತು. ಮಾತಾಡೋ ಜನಾನಾ? ಉಸಿರಾಡೋಕೆ ಬಿಡ್ತಿಲ್ಲ!" ಅಷ್ಟು ಹೇಳುವುದರಲ್ಲಿ ಮಿಸ್ ಯೂಲಲಿ, "ಎಲ್ಲಿ, ಆ ಹುಡುಗೀನ ನನ್ಗೆ ಕೊಡು" ಎಂದು ಫೋನ್ ಕಿತ್ತುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿನಿಂದ ನಗು ಕೇಳಿಸಿತು.

ಮೆಲ್ವಿನ್ ಕೇಕಿನ ತಟ್ಟೆ ಹಿಡಿದು ಜಗಲಿಗೆ ಬಂದ. ಉಯ್ಯಾಲೆಯಲ್ಲಿ ಮಿಸ್ ವರ್ಬೀನ ಎಂಬ ಇನ್ನೊಬ್ಬ ಮುದುಕಿ ಕಲ್ಪೆಪ್ಪರ್ ಕಂಪನಿಯ ಜಾಹೀರಾತಿದ್ದ ರಟ್ಟಿನ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು.

"ಸ್ಟ್ಯಾನ್ಲಿಯವರು ಇಲ್ಲಿ ತುಂಬಾ ವರ್ಷದಿಂದ ಇದ್ರಾ?" ಎಂದು ಮೆಲ್ವಿನ್ ಮಾತಿಗೆ ಕೇಳಿದ.

"ಎಲ್ಲಿ ಬಂತು! ಮೊನ್ನೆ ಮೊನ್ನೆ ಬಂದ ಹಾಗಿದೆ. ಪಿಟ್ಸ್‌ಬರ್ಗಿನೋನು. ನಿನ್ನ ಹಾಗೇನೇ ಮನೆ ಹುಡುಕ್ತಾ ಸಾಲಿನೊಳಗೆ ಬಂದ. ಅವತ್ತು ಹೂಳೋಕೆ ಹೋಗ್ತಿದ್ದದ್ದು ಡೆಟ್ರಾಯ್ಟಿನೋನ್ನ."

ಮೆಲ್ವಿನ್‌ನ ಬಾಯಲ್ಲಿದ್ದ ಕೇಕು ಅಲ್ಲೇ ನಿಂತಿತು. "ಡೆಟ್ರಾಯ್ಟಿನವರೂ ಇದೇ ಮನೇಲಿ...?"

"ಮತ್ತೆ? ಅವನು ಬಂದದ್ದು ಬಫಲೋದೋನ ಹಿಂದೆ. ಒಳ್ಳೆ ಮನುಷ್ಯ, ಪೀಚ್ ಕಡುಬು ಅಂದ್ರೆ ಪ್ರಾಣ. ಮನೆ ಖಾಲಿ ಬೀಳಬಾರ್ದಲ್ಲ, ಅದಕ್ಕೇ ನೋಡು, ನಾವು ಯಾವಾಗ್ಲೂ ಸಾಲಿನಲ್ಲಿ ಒಂದು ಕಾರಿನಷ್ಟು ಜಾಗ ಬಿಡ್ತೀವಿ. ನಮ್ಮೂರಿನೋರು ಯಾರೂ ಅದರೊಳಗೆ ಬರಲ್ಲ, ಮರ್ಯಾದೆ ಗೊತ್ತಿರೋರು. ಬರೋನು ಹೊರಗಿನೋನೇ."

"ಅವ್ರೆಲ್ಲ... ಏನಾಗಿ ಸತ್ರು?"

ಮಿಸ್ ವರ್ಬೀನ ಬೀಸಣಿಗೆ ನಿಲ್ಲಿಸಿ ಯೋಚಿಸಿದಳು. "ಎಲ್ಲಾ ಎದೆ ಹಿಡ್ಕೊಂಡೇ ಹೋದ್ರು ಅಪ್ಪಾ. ಅದೇ ನಮ್ಗೂ ತಿಳೀದು. ಮೂರು ಹೊತ್ತೂ ನಾವೇ ಮನೆಯಿಂದ ತಂದು ತಂದು ತಿನ್ನಿಸ್ತೀವಿ, ಒಂದು ದಿನ ಉಪವಾಸ ಬಿಟ್ಟೋರಲ್ಲ. ಈ ಉತ್ತರದೋರ ಮೈಯಲ್ಲಿ ತ್ರಾಣವೇ ಇಲ್ಲ ಅನ್ಸುತ್ತೆ."

ಕಾಲಿಗೆ ಬುದ್ಧಿ ಹೇಳೋಣವೆಂದು ಮೆಲ್ವಿನ್ ಅಂಗಳದತ್ತ ನೋಡಿದರೆ ಅವನ ಕಾರಿನ ಸುತ್ತ ಬೇರೆಯವರ ಕಾರುಗಳು ಒತ್ತಾಗಿ ನಿಂತಿದ್ದವು. ಎಲ್ಲಕ್ಕೂ ಅಡ್ಡವಾಗಿ ಆ ಕಪ್ಪು ಗಾಡಿ. ಅದರ ಗಾಜನ್ನು ಕಲ್ಪೆಪ್ಪರ್ ನಿಧಾನವಾಗಿ ಒರೆಸುತ್ತಿದ್ದರು. ಇವನನ್ನು ಕಂಡು ಟೋಪಿ ಮುಟ್ಟಿದರು. ಓಡೋಣವೆಂದರೆ ಹೊಟ್ಟೆಯಲ್ಲಿ ಪೀಪಾಯಿ ಹೊತ್ತಂತಿತ್ತು. ಫೋನಾದರೂ ಕೈಗೆ ಸಿಕ್ಕರೆ ಡೋರೀನಳಿಗೆ ಬೇಡವೆಂದು ಹೇಳಬಹುದು, ಅವಳು ಅಕ್ಕನ ಮನೆಗೆ ಹೋದರೂ ಪರವಾಗಿಲ್ಲ, ಬದುಕಿದ್ದರೆ ಕಾಲಿಗೆ ಬಿದ್ದಾದರೂ ಕರೆತರಬಹುದು. ಅವನು ಏದುಸಿರು ಬಿಡುತ್ತಾ ಅಡುಗೆಮನೆಗೆ ನುಗ್ಗಿದ.

"ತಗೋ, ನಿನ್ನ ಹೆಂಡ್ತಿ ಚಿನ್ನದಂಥೋಳು" ಎಂದು ಮಿಸ್ ಯೂಲಲಿ ಫೋನ್ ಕೊಟ್ಟಳು.

"ಡೋರೀನ್, ಇಲ್ಲಿ ಕೇಳು. ಈ ಬೀದಿ ಬೇಡ. ನಾವು ಬೇರೆ ಕಡೆ—"

"ಬೇಡವಾ? ಹುಚ್ಚು ಹಿಡೀತಾ ನಿನಗೆ?" ಡೋರೀನ್ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಮೆಲ್ವಿನ್ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. "ಸಾಮಾನು ಸಾಗಿಸೋ ಲಾರಿಯವರಿಗೆ ಈಗ್ಲೇ ಬರೋಕೆ ಹೇಳ್ತೀನಿ. ನನ್ನ ಮುರಿದ ಕಾಲಿನ ಕತೆ ಪೂರ್ತಿ ಕೇಳಿದ್ರು ಮೆಲ್! ಕೇಳಿ ಅತ್ರು! ಇಂಥ ಜನ ಎಲ್ಲಿ ಸಿಗ್ತಾರೆ?"

"ಅಲ್ಲ, ನೀನು ನನ್ನ ಮಾತು—"

"ನಿನ್ನ ಬಗ್ಗೆ ಅಂತೂ ಎಷ್ಟು ಪ್ರೀತಿಯಿಂದ ವಿಚಾರಿಸಿದ್ರು ಗೊತ್ತಾ? ಕೋಟಿನ ಅಳತೆ ಕೇಳಿದ್ರು. ಚರ್ಚಲ್ಲಿ ಯಾವ ಹಾಡು ಹಾಡಿದ್ರೆ ನಿನಗೆ ಇಷ್ಟ ಅಂತ ಕೇಳಿದ್ರು. ಯಾವ ಹೂವು ಇಷ್ಟ ಅಂತ ಕೂಡ ಕೇಳಿದ್ರು. ಮದುವೆಯಾಗಿ ಇಷ್ಟು ವರ್ಷ ಆಯ್ತು, ನಾನೇ ಒಂದು ದಿನ ಕೇಳಿರ್ಲಿಲ್ಲ. ನನಗೆ ನಾಚ್ಕೆ ಆಗಿಹೋಯ್ತು."

"ನೀನು... ಏನು ಹೇಳ್ದೆ?"

"ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಬಿಳಿ ಲಿಲ್ಲಿ ಅಂದೆ. ಯಾಕೆ, ತಪ್ಪಾಯ್ತಾ?"

ಫೋನಿನ ಮಾತು ಕೋಣೆಗೆಲ್ಲ ಕೇಳುತ್ತಿತ್ತು. ಮಿಸ್ ಯೂಲಲಿ ಕಿಟಕಿಯಾಚೆ, ಪಕ್ಕದಲ್ಲೇ ಇದ್ದ ತನ್ನ ಹಿತ್ತಲಿನ ಮಣ್ಣಿನತ್ತ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬೆಣ್ಣೆ ಕೇಕಿನ ಇನ್ನೊಂದು ದಪ್ಪ ಹೋಳು ಕತ್ತರಿಸಿ ಅವನ ತಟ್ಟೆಗೆ ಹಾಕಿ, ಬೆನ್ನು ಸವರಿದಳು.

"ಮುಖ ಯಾಕೆ ಸಣ್ಣಗೆ ಮಾಡ್ಕೋತೀಯ ಕಂದಾ? ಅವಸರ ಏನೂ ಇಲ್ಲ. ಈ ವಾರವೇ ಲಿಲ್ಲಿ ಗಡ್ಡೆ ನೆಟ್ರೂ ಹೂ ಬಿಡೋದು ಮುಂದಿನ ವರ್ಷ ಈಸ್ಟರ್ ಕಳೆದ ಮೇಲೇನೇ."