ಅತ್ತೆಗೆ ಕಾಣದ ಬುದ್ಧ

ಶಹಾಪುರದ ಗುಡ್ಡದಲ್ಲಿ ಬುದ್ಧ ಮಲಗಿದ್ದಾನೆಂದು ಲೋಕವೆಲ್ಲ ಬಲ್ಲದು. ಆದರೆ ಅವನಿಗೆ ಹಾಸಿಗೆ ಹಾಸಿಕೊಟ್ಟವರು ನಮ್ಮ ಸೋದರಮಾವ ಎಂಬುದು ನಮ್ಮ ಮನೆತನಕ್ಕಷ್ಟೇ ಗೊತ್ತು! ಹಾಗೆಂದು ಅವರೇನೂ ಬಾಯಿಬಿಟ್ಟು ಹೇಳಿಲ್ಲ. ಅವರ ಗತ್ತು ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಸಂಗತಿ ಇಷ್ಟೇ. ಊರ ಹೊರಗಿನ ರಸ್ತೆಯಿಂದ ನೋಡಿದರೆ ಅಲ್ಲಿನ ಗುಡ್ಡಗಳ ಸಾಲು ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಎಲ್ಲ ಇದೆ. ಸಾವಿರಾರು ಜನ ಬಸ್ಸಿನ ಕಿಟಕಿಯಿಂದಲೇ ನೋಡಿ ಕೈಮುಗಿದು ಹೋಗುತ್ತಾರೆ. ಮಾವನಿಗೆ ಅದು ಒಪ್ಪಿಗೆಯಿಲ್ಲ. ಬುದ್ಧನನ್ನು ನೋಡಲು ಇಡೀ ರಸ್ತೆಯಲ್ಲಿ ಒಂದೇ ಒಂದು ಜಾಗವಿದೆ ಎಂಬುದು ಅವರ ಸಿದ್ಧಾಂತ. ಆ ಜಾಗಕ್ಕೆ ಸುಣ್ಣದಿಂದ ದುಂಡಗೆ ಗುರುತು ಹಾಕಿದ್ದಾರೆ. ಮಳೆಗೆ ಅಳಿಸಿದರೆ ಮತ್ತೆ ಹಾಕುತ್ತಾರೆ. ಅದರೊಳಗೆ ನಿಂತವನದಷ್ಟೇ ದರ್ಶನ, ಹೊರಗೆ ನಿಂತವನದು ಬರೀ ನೋಟ!

ಅವರ ಮನೆಗೆ ಬಂದ ಬೀಗರಿಗೆ ಮೊದಲು ಹಳೆಯ ಕೋಟೆಯ ಗೋಡೆ, ಆಮೇಲೆ ಕೆರೆಯ ಏರಿ, ಕೊನೆಗೆ ಸುಣ್ಣದ ಗುರುತು. ಇದಿಷ್ಟೂ ಮುಗಿದ ಮೇಲೆಯೇ ರೊಟ್ಟಿ. ಒಮ್ಮೆ ಸುರಪುರದ ಬೀಗರೊಬ್ಬರು ಹಸಿವು ತಾಳದೆ, "ನಮ್ಮೂರಾಗೂ ಅರಮನಿ ಅದರಿ, ಯಾದಗಿರಿ ಕಿಲ್ಲಾದಾಗ ತೋಪು ಅದಾವ. ನಾವೇನು ಊಟಕ್ಕ ಬಂದವರನ್ನ ಹಿಂಗ ಅಡ್ಡಾಡಸ್ತೀವೇನ್ರಿ?" ಎಂದು ಕೇಳಿಯೇಬಿಟ್ಟರು.

ಮಾವ ಶಾಂತವಾಗಿ, "ಅರಮನಿ ಅದ, ತೋಪು ಅದಾವ, ಖರೆ. ಆದ್ರ ಅಲ್ಲೆ ಯಾರರ ಮಲಗ್ಯಾರೇನ್ರಿ?" ಎಂದರು.

ಬೀಗರು ಹಸಿದ ಹೊಟ್ಟೆಯಲ್ಲೇ ಸುಣ್ಣದ ಗುರುತಿನತ್ತ ಹೆಜ್ಜೆ ಹಾಕಿದರು.

ನನ್ನ ತಂಗಿಯ ಮದುವೆಗೆ ಗಂಡಿನ ಕಡೆಯವರ ಗಾಡಿಯನ್ನೂ ಅಲ್ಲೇ ನಿಲ್ಲಿಸಿದರು. ಮದುಮಗನ ಅಜ್ಜನಿಗೆ ತಲೆ ಯಾವುದು, ಎದೆ ಯಾವುದು ತಿಳಿಯಲಿಲ್ಲ. ಮಾವ ಹೊಸ ಧೋತರದಲ್ಲಿಯೇ ರಸ್ತೆಯ ಬದಿಗೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ತೋರಿಸತೊಡಗಿದರು. ಆ ಹೊತ್ತಿಗೆ ಬಸ್ಸೊಂದು ಬಂತು. ಇಳಿದ ಜನ ಕಂಡದ್ದೇನು? ನಿಂತ ಗಾಡಿ, ಸುತ್ತ ಗುಂಪು, ನಡುವೆ ಅಲುಗಾಡದ ಮನುಷ್ಯ! ಒಬ್ಬ ಆಂಬುಲೆನ್ಸಿಗೆ ಫೋನ್ ಮಾಡಿದ. ಒಬ್ಬಾಕೆ ಮುಖಕ್ಕೆ ಒಂದು ಚೊಂಬು ನೀರು ಸುರಿದೇಬಿಟ್ಟಳು. ಮಾವ ತಟ್ಟನೆ ಎದ್ದು ಕುಳಿತು, "ಅಯ್ಯ, ಎದೀತನಾ ಬಂದಿದ್ದೆನಲ್ಲ!" ಎಂದು ಪೇಚಾಡಿದರು.

ಇಷ್ಟೆಲ್ಲ ಜನರಿಗೆ ಬುದ್ಧನನ್ನು ಕಾಣಿಸಿಕೊಟ್ಟ ಈ ಮಹಾನುಭಾವರಿಗೆ ಬಾಳಿನಲ್ಲಿ ಒಂದೇ ಕೊರತೆ. ಕಟ್ಟಿಕೊಂಡ ಹೆಂಡತಿಗೆ ಕಾಣಲಿಲ್ಲ! ಮದುವೆಯಾದ ವಾರವೇ ಅತ್ತೆಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿದ್ದರಂತೆ. ಅತ್ತೆ ನೋಡಿದಳು, ಸೆರಗು ಸರಿಮಾಡಿಕೊಂಡಳು, "ನನಗೇನ್ರಿ, ಬರೀ ಗುಡ್ಡ ಕಾಣಸ್ತದ" ಎಂದಳು. ಅಂದಿನಿಂದ ಮೂವತ್ತು ವರ್ಷ ಪ್ರತಿ ಐತವಾರವೂ ಪ್ರಯತ್ನ ನಡೆಯಿತು. ಬೆಳಗಿನ ಬಿಸಿಲಲ್ಲಿ ಕರೆದೊಯ್ದರು, ಸಂಜೆಯ ಬಿಸಿಲಲ್ಲಿ ಕರೆದೊಯ್ದರು, ಮಳೆ ನಿಂತ ಕೂಡಲೇ ಓಡಿಸಿಕೊಂಡು ಹೋದರು. "ಇವತ್ತೂ ಇಲ್ರಿ" ಎನ್ನುವಳು ಅತ್ತೆ. ಸೋತ ಮಾವ ಕೆರೆಯ ಏರಿಯ ಮೇಲೆ ಕೂತು ಮಿರ್ಚಿ ಭಜಿ ಕೊಡಿಸಿ ಮನೆಗೆ ಕರೆತರುವರು. ಒಮ್ಮೆ ಅಡುಗೆಮನೆಗೇ ನುಗ್ಗಿ ಜೋಳದ ಹಿಟ್ಟಿನ ಮುದ್ದೆಯಲ್ಲಿ ಗುಡ್ಡದ ಸಾಲನ್ನೇ ಮಾಡಿಟ್ಟರು. ಅತ್ತೆ ಹೊಗಳಿದಳು, ಆಮೇಲೆ ಅದನ್ನೇ ತಟ್ಟಿ ಹಂಚಿಗೆ ಹಾಕಿದಳು.

"ನಾ ಸಾಯೋದ್ರಾಗ ಆಕಿಗೆ ಒಮ್ಮೆ ಕಂಡ್ರ ಸಾಕು ನೋಡಪಾ" ಎಂದು ಮಾವ ನನ್ನೆದುರು ಎಷ್ಟೋ ಸಲ ನಿಟ್ಟುಸಿರು ಬಿಟ್ಟಿದ್ದಾರೆ. ನಮಗೆಲ್ಲ ಅದೊಂದು ನಗೆಯ ಮಾತಾಗಿತ್ತು, ಅವರಿಗೆ ಆಗಿರಲಿಲ್ಲ.

ಈ ವರ್ಷ ಮಾವನ ಕಣ್ಣಿಗೇ ಪೊರೆ ಬಂತು. ಯಾದಗಿರಿಯಲ್ಲಿ ಒಂದು ಕಣ್ಣಿನ ಆಪರೇಷನ್ ಮಾಡಿಸಿ, ಹಸಿರು ಪಟ್ಟಿ ಕಟ್ಟಿಸಿಕೊಂಡು, ನನ್ನ ಕಾರಿನಲ್ಲಿ ಮಾವ, ಅತ್ತೆ, ನಾನು ಮೂವರೂ ಶಹಾಪುರಕ್ಕೆ ಹೊರಟೆವು. ಇನ್ನೊಂದು ಕಣ್ಣಿಗೆ ಬರೀ ಹೊಗೆ. ಆದರೂ ಆ ಜಾಗ ಬಂದದ್ದು ಅವರಿಗೆ ಹೇಗೆ ತಿಳಿಯಿತೋ!

"ನಿಂದರಸು" ಎಂದರು. ಕಾರು ನಿಲ್ಲಿಸಿ, ಕೈಹಿಡಿದು ಸುಣ್ಣದ ಗುರುತಿನಲ್ಲಿ ನಿಲ್ಲಿಸಿದೆ. ಗುಡ್ಡದ ಕಡೆ ಮುಖ ಎತ್ತಿ ನಿಂತರು. ಆ ಮುಖ ನೋಡಿ ನನಗೆ ಸಂಕಟವಾಯಿತು.

"ಹಣಿ ಮ್ಯಾಲೆ ಬಿಸಿಲು ಬಿದ್ದದೇನೊ?"

"ಹ್ಞೂಂ ಮಾವ, ಛಂದ ಬಿದ್ದದ" ಎಂದೆ, ಸಮಾಧಾನಕ್ಕೆ.

"ಸುಳ್ಯಾಕ ಹೇಳತಿ?" ಹಿಂದಿನಿಂದ ಅತ್ತೆಯ ದನಿ. "ಹಣಿ ಮ್ಯಾಲೆ ನೆರಳದ. ಮೂಗಿನ ತುದೀಗಷ್ಟ ಬಿಸಿಲು ಬಿದ್ದದ. ಗದ್ದದ ಕೆಳಗ ಹುಲ್ಲು ಒಣಗ್ಯಾವ್ರಿ. ಹೋದ ಐತವಾರ ಹಸರ ಇದ್ವು."

ನಾನು ಬೆರಗಾಗಿ ತಿರುಗಿ ನೋಡಿದೆ. ಮಾವ ಗುಡ್ಡದ ಕಡೆಯಿಂದ ಮುಖ ತಿರುಗಿಸದೆಯೇ ಸಣ್ಣ ದನಿಯಲ್ಲಿ ಕೇಳಿದರು:

"ನಿನಗ ಯಾವಾಗ ಕಂಡ?"

"ಮೊದಲನೇ ದಿನಾನ ಕಂಡಿದ್ದ, ಸೈಕಲ್ ಮ್ಯಾಲೆ ಕುಂತಾಗ್ಲೇ."

"ಮತ್ತ ಇಷ್ಟು ವರ್ಷ...?"

"ಕಂಡ ಅಂದಿದ್ರ ಮುಂದಿನ ಐತವಾರ ಯಾರು ಕರಕೊಂಡು ಬರತಿದ್ರು? ಮನಿ ತುಂಬ ಮಂದಿ, ನಸುಕಿನಿಂದ ಒಲಿ ಮುಂದ. ನಿಮ್ಮ ಜೋಡಿ ಹೊರಗ ಬರಾಕ ನನಗ ಬ್ಯಾರೆ ಏನು ನೆವ ಇತ್ತು?"

ಮೂವತ್ತು ವರ್ಷ ಬುದ್ಧನನ್ನು ಬಚ್ಚಿಟ್ಟುಕೊಂಡು ಗಂಡನನ್ನು ಪಡೆದ ಹೆಂಗಸು! ಮಾವ ಗಾಳಿಯಲ್ಲಿ ಕೈ ತಡಕಾಡಿದರು. ಅತ್ತೆ ಮುಂದೆ ಬಂದು, ನಾನಿದ್ದೇನೆಂಬ ಸಂಕೋಚವೂ ಇಲ್ಲದೆ ಆ ಕೈ ಹಿಡಿದಳು.

"ಹಂಗಾದ್ರ ಇನ್ನ ಮುಗೀತೇನು?" ಎಂದರು ಮಾವ, ಪಟ್ಟಿಯ ಕೆಳಗಿಂದ ಇಳಿದ ನೀರನ್ನು ಒರೆಸಿಕೊಳ್ಳದೆ.

ಅತ್ತೆ ಗುಡ್ಡವನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಎಲ್ಲಿ ಮುಗೀತ್ರಿ? ಕಾಲಿನ ಬೆರಳು ನನಗಿನ್ನೂ ಒಂದೂ ಕಂಡಿಲ್ಲ."